ಹುಳ ಎಷ್ಟನೇ ಜ್ವರ ಎಂದು ಕೇಳಿದ ಮೇಲೆ: ಹೈಸ್ಕೂಲಿನಲ್ಲಿ ನನ್ನ ಅನುಭವ

ಠಾಣೆಯಲ್ಲಿ ಮಕ್ಕಳ ಕಲ್ಯಾಣ ಅಧಿಕಾರಿಯಾಗಿರುವ ಎಎಸ್‌ಐಗಳಿಗೆ ಇದನ್ನು ಬರೆಯುತ್ತಿದ್ದೇನೆ. ಶಿಡ್ಲಘಟ್ಟ ತಾಲ್ಲೂಕಿನ ಒಂದು ಸರ್ಕಾರಿ ಹೈಸ್ಕೂಲಿಗೆ, ಮಕ್ಕಳ ಜೊತೆ ಮಾತಾಡಲು, ಎರಡು ವರ್ಷದಿಂದ ಪ್ರತಿ ಶನಿವಾರ ಹೋಗುತ್ತಿದ್ದೇನೆ. "ಮಕ್ಕಳು ಪೊಲೀಸರ ಹತ್ತಿರ ಬಾಯಿ ಬಿಡೋದುಂಟೇನ್ರೀ?" ಎಂದು ನಮ್ಮವರೇ ಕೇಳಿದ್ದರು. ಈಗ ಹೇಗೆ ಮಾಡಿದಿರಿ ಎಂದು ಅಕ್ಕಪಕ್ಕದ ಠಾಣೆಗಳಿಂದ ಫೋನ್ ಬರುತ್ತಿದೆ.

ಮೊದಲು ಪ್ರೇಯರ್ ಮುಗಿದ ಮೇಲೆ ಭಾಷಣ. ಪೋಕ್ಸೋ (ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ), ಸೈಬರ್, ಹೆಲ್ಮೆಟ್ ಎಲ್ಲ ಹೇಳಿದ್ದಾಯಿತು. ಚಪ್ಪಾಳೆ ಬಿತ್ತು, ಒಂದು ಮಗುವೂ ಹತ್ತಿರ ಬರಲಿಲ್ಲ. ಆಮೇಲೆ ದೂರು ಪೆಟ್ಟಿಗೆ. ಬಡಗಿಗೆ ಎಂಟುನೂರೋ ಒಂಬೈನೂರೋ ಕೊಟ್ಟೆ. ತೆರೆದರೆ ಸಿನಿಮಾ ನಟರ ಹೆಸರು, ಬೈಗುಳ, ಜೊತೆಗೆ "ಹುಡುಗೀರ ಟಾಯ್ಲೆಟ್ಟಲ್ಲಿ ನೀರಿಲ್ಲ" ಎಂಬ ಚೀಟಿಗಳು. ನೀರು ಪೊಲೀಸ್ ಕೆಲಸವಲ್ಲ. ಆದರೂ ಪಂಚಾಯಿತಿ ಪಿಡಿಒ ಹತ್ತಿರ ಕೂತು ಮೋಟಾರ್ ರಿಪೇರಿ ಮಾಡಿಸಿದೆ. ನಿಜವಾದ ಚೀಟಿಗಳು ಬರಲು ಶುರುವಾದದ್ದು ಆಮೇಲೆಯೇ.

ಗೇಟಿನ ಮುಂದೆ ಬೈಕಲ್ಲಿ ಬರುವ ಹುಡುಗರನ್ನು ಹಿಡಿಯುವುದೂ ನಡೆದಿತ್ತು. ಮರುವಾರ ಆ ಹುಡುಗರು ಬೈಕಿನ ಜೊತೆ ಶಾಲೆಯನ್ನೂ ಬಿಟ್ಟರು. ಅದಕ್ಕೇ ಪೋಷಕರ ಸಭೆಯಲ್ಲಿ, ಅಪ್ರಾಪ್ತರು ಗಾಡಿ ಓಡಿಸಿದರೆ ಏನಾಗುತ್ತದೆ ಎಂಬ ಮೋಟಾರು ವಾಹನ ಕಾಯ್ದೆಯ ಕಲಂ 199ಎ ಓದಿ ಹೇಳಿದೆ. ಅಪ್ಪನಿಗೆ ಅಥವಾ ಗಾಡಿ ಓನರಿಗೆ 25,000 ದಂಡ, 3 ವರ್ಷದವರೆಗೆ ಜೈಲು, ಗಾಡಿಯ ನೋಂದಣಿ 12 ತಿಂಗಳು ರದ್ದು. ಹತ್ತು ಹನ್ನೆರಡು ಬೈಕ್ ನಿಲ್ಲುತ್ತಿದ್ದ ಕಡೆ ಈಗ ಒಂದೆರಡು ಕಂಡರೆ ಜಾಸ್ತಿ.

ಪೋಕ್ಸೋ ಕೇಸಲ್ಲಿ ಮಗುವಿನ ಹೇಳಿಕೆ ಪಡೆಯುವಾಗ ಯೂನಿಫಾರ್ಮ್ ಇರಬಾರದು, ಅಲ್ವಾ? ಅದನ್ನು ಕೇಸಿಗೆ ಮಾತ್ರ ಯಾಕೆ ಇಡಬೇಕು? ನಾನು ಪ್ಯಾಂಟು ಶರ್ಟಿನಲ್ಲೇ ಹೋಗುತ್ತೇನೆ. ವಾಲಿಬಾಲ್, ನೆಟ್, ಒಂದು ಕೇರಂ ಬೋರ್ಡ್ ಸೇರಿ ಮೂರೂವರೆ ಸಾವಿರದ ಹತ್ತಿರ ಕೈಯಿಂದ ಹೋಯಿತು. ತಿಂಗಳಿಗೆ ಪೆಟ್ರೋಲಿಗೆ ಮುನ್ನೂರು ನಾನೂರು. ಎರಡನೇ ಚೆಂಡನ್ನು ಪರಿಚಯದ ರೀಲರ್ (ರೇಷ್ಮೆ ನೂಲು ತೆಗೆಯುವವರು) ಒಬ್ಬರು ಕೊಡಿಸಿದರು. ಕೇರಂ ದಂಡ, ಹುಡುಗರು ಜಗಳ ಆಡಿದ್ದೇ ಬಂತು. ವಾಲಿಬಾಲ್ ಮಾತ್ರ ಕೈ ಹಿಡಿಯಿತು.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಬೆಂಚಿನ ಮೇಲೆ ತೂಕಡಿಸುತ್ತಿದ್ದ, ತಿಂಗಳಿಗೆ ನಾಲ್ಕೈದು ದಿನ ನಾಪತ್ತೆ. ಗಾಂಜಾ ಇರಬಹುದು ಎಂದು ಮೇಷ್ಟ್ರಿಗೆ ಅನುಮಾನ. "ಯಾಕೋ ಬರಲಿಲ್ಲ?" ಎಂದರೆ ತಲೆ ತಗ್ಗಿಸುತ್ತಿದ್ದ. "ಮನೇಲಿ ಹುಳ ಎಷ್ಟನೇ ಜ್ವರ?" ಎಂದು ಕೇಳಿದೆ. ರೇಷ್ಮೆ ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. "ನಾಲ್ಕು ಎದ್ದೈತೆ ಸಾರ್" ಎಂದ. ಅಷ್ಟು ಸಾಕಾಯಿತು. ನಾಲ್ಕನೇ ಜ್ವರ ಎದ್ದ ಹುಳಕ್ಕೆ ರಾತ್ರಿಯೂ ಸೊಪ್ಪು ಹಾಕಬೇಕು. ಹಣ್ಣಾದ ದಿನ, ಅಂದರೆ ಗೂಡು ಕಟ್ಟಲು ತಯಾರಾದಾಗ, ಮನೆಮಂದಿಯೆಲ್ಲ ಸೇರಿ ಚಂದ್ರಿಕೆಗೆ (ಹುಳ ಗೂಡು ಕಟ್ಟುವ ತಟ್ಟೆಗೆ) ಬಿಡಬೇಕು. ಅವನಪ್ಪನಿಗೆ ಬೆನ್ನುನೋವು, ಹಾಗಾಗಿ ರಾತ್ರಿ ಪಾಳಿ ಇವನದು. ಹಾಜರಿ ಪುಸ್ತಕ ತೆರೆದು ನೋಡಿದರೆ ಇನ್ನೂ ಆರೇಳು ಮಕ್ಕಳದ್ದು ಇದೇ ಕಥೆ. ಹೆಡ್‌ಮಾಸ್ಟರ್ ಜೊತೆ ಮಾತಾಡಿ, ಆ ದಿನಗಳಲ್ಲಿ ತಪ್ಪಿದ ಟೆಸ್ಟನ್ನು ಆಮೇಲೆ ಬರೆಯಲು ಬಿಡುವಂತೆ ಮಾಡಿದೆವು. ಅಪ್ಪನ ಜೊತೆಗೂ ಕೂತು ಮಾತಾಡಿದೆ. ರಾತ್ರಿ ಸೊಪ್ಪಿಗೆ ಈಗ ಚಿಕ್ಕಪ್ಪ ಬರುತ್ತಾರೆ.

ಗುಟ್ಟಿನ ವಿಷಯದಲ್ಲಿ ಹುಷಾರು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬೇಡಿ. ಯಾರಾದರೂ ನಿಮಗೆ ತೊಂದರೆ ಕೊಡುತ್ತಿದ್ದರೆ ನಾನು ಮೇಲಿನವರಿಗೆ ಹೇಳಲೇಬೇಕು ಎಂದು ಮಕ್ಕಳಿಗೆ ಮೊದಲ ದಿನವೇ ಹೇಳಿಬಿಡುತ್ತೇನೆ. ಹೀಗೆ ಹೇಳಿದರೆ ಮಕ್ಕಳು ಬಾಯಿ ಮುಚ್ಚುತ್ತಾರೆ ಎಂದು ಹೆದರಿಸಿದವರಿದ್ದರು. ಹಾಗೇನೂ ಆಗಲಿಲ್ಲ. ಹೆಣ್ಣುಮಕ್ಕಳ ಜೊತೆ ಕೂರಲು ಮಹಿಳಾ ಪಿಎಸ್‌ಐ ಮೇಡಂ ಬರುತ್ತಾರೆ. ಒಬ್ಬ ಹುಡುಗಿ ತನ್ನ ಮದುವೆ ಮಾತುಕತೆಯನ್ನು ಅವರಿಗೇ ಹೇಳಿದಳು. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಹೋಯಿತು, ಸಿಡಿಪಿಒ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಮನೆಗೆ ಬಂದರು, ಮದುವೆ ನಿಂತಿತು. ಈಗ ಅವಳು ಎಸ್ಸೆಸ್ಸೆಲ್ಸಿ.

ಹೊಸ ಹುಡುಗನನ್ನು ಮೊದಲ ಸಲ ಹೇಗೆ ಮಾತಿಗೆ ಎಳೆಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇದನ್ನು ಮಕ್ಕಳೂ ಓದುತ್ತಾರೆ. ಬಾಗೇಪಲ್ಲಿ ಕಡೆಯವರಿಗೆ ಮಾತ್ರ ಒಂದು ಮಾತು: ನಿಮಗೆ ತೆಲುಗು ಬರದಿದ್ದರೆ ಬಲ್ಲ ಕಾನ್‌ಸ್ಟೇಬಲ್ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ, ಅವರೂ ಯೂನಿಫಾರ್ಮ್ ಇಲ್ಲದೆ ಬರಲಿ.