ಗೆರೆಯೊಳಗಿನ ಮೈನಸ್

ಉತ್ತರ 29 ಬರಬೇಕಿತ್ತು. ಹುಡುಗಿ −11 ಬರೆದಿದ್ದಳು.

28 ಅಥವಾ 30 ಬಂದಿದ್ದರೆ ಕೂಡಿಸುವಾಗ ಎಡವಿದ್ದಾಳೆ ಅಂತ ಸುಮ್ಮನಾಗುತ್ತಿದ್ದೆ. ಇದು ತೀರಾ ದೂರ ಹೋಗಿತ್ತು. ನೋಟ್‌ಬುಕ್ ಎಳೆದುಕೊಂಡು ಸಾಲುಸಾಲಾಗಿ ನೋಡಿದೆ. ಮೂರನೇ ಸಾಲಿಗೆ ಬರುವಷ್ಟರಲ್ಲಿ ಮುಖ ಬಿಸಿಯಾಯಿತು. ಆ ತಪ್ಪನ್ನು ಅವಳಿಗೆ ಹೇಳಿಕೊಟ್ಟಿದ್ದೇ ನಾನು.

ಮಂಡ್ಯದಲ್ಲಿ ಮನೆಯಲ್ಲೇ ಟ್ಯೂಷನ್ ಹೇಳುತ್ತೇನೆ. ಎಂಟನೇ ಕ್ಲಾಸಿನಿಂದ ಫಸ್ಟ್ ಪಿಯುಸಿವರೆಗೆ, ಗಣಿತ ಮಾತ್ರ. ಪಡಸಾಲೆಯಲ್ಲಿ ಎರಡು ಚಾಪೆ, ಗೋಡೆಗೆ ಒಂದು ಬಿಳಿ ಬೋರ್ಡು, ಅಷ್ಟೇ ನನ್ನ ಶಾಲೆ. ಈ ಹುಡುಗಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ, ಈಗ ಫಸ್ಟ್ ಪಿಯುಸಿ ಸೈನ್ಸ್. 'ನಿರಪೇಕ್ಷ ಬೆಲೆ' ಅಂದರೆ ಗೊತ್ತಿತ್ತು. ಕಾಲೇಜಿನಲ್ಲಿ 'ಮಾಡ್ಯುಲಸ್' ಅಂದಾಗ ಅದೇನೋ ಹೊಸ ಪಾಠ ಅಂದುಕೊಂಡಿದ್ದಳಂತೆ. ಮಕ್ಕಳೆಲ್ಲ ಕೊನೆಗೆ 'ಮಾಡ್' ಅಂತಾರೆ. ನಾನು ಸುಮ್ನೆ 'ಗೆರೆ' ಅಂತೀನಿ. ಎರಡು ನೆಟ್ಟಗಿನ ಗೆರೆ, ನಡುವೆ ಏನೋ ಒಂದು. ಆ ಒಳಗಿನದು ಸೊನ್ನೆಯಿಂದ ಎಷ್ಟು ದೂರ ಅನ್ನುವುದೇ ಅದರ ಬೆಲೆ, ಹಾಗಾಗಿ |7| ಆದರೂ |−7| ಆದರೂ 7.

ಲೆಕ್ಕ ಇದು. ಪುಸ್ತಕದಲ್ಲಿ ಎಕ್ಸ್ ಇರುತ್ತದೆ, ಇಲ್ಲಿ ಕ ಅಂತ ಬರೆಯುತ್ತೇನೆ, ಯಾವ ಅಕ್ಷರವಾದರೇನು.

ಕ = −4 ಆದಾಗ 2|ಕ − 3| − |5 + ಕ| + ಕ² ಎಷ್ಟು?

ಅವಳು ಮಾಡಿದ್ದು ಹೀಗೆ. ಮೊದಲ ಗೆರೆಯೊಳಗೆ −4 − 3. ಎರಡೂ ಮೈನಸ್ ತೆಗೆದಳು, 4 + 3 = 7. ಎರಡರಿಂದ ಗುಣಿಸಿ 14. ಎರಡನೇ ಗೆರೆಯೊಳಗೆ 5 − 4. ಆ ಮೈನಸ್ಸನ್ನೂ ತೆಗೆದಳು, 5 + 4 = 9. ಕೊನೆಯದು −4², ಅಂದರೆ −16. ಎಲ್ಲ ಸೇರಿ 14 − 9 − 16 = −11.

"ಎರಡನೆಯದು ತಪ್ಪು, ಅಲ್ಲಿ 1 ಬರಬೇಕು," ಅಂದೆ.

"ಮಿಸ್, ಮೊದಲನೆಯದು ಸರಿನಾ?"

"ಸರಿ. 14 ಸರಿಯಾಗಿದೆ."

"ಅಲ್ಲೂ ಮೈನಸ್ ಕಿತ್ತುಹಾಕಿದೆ. ಇಲ್ಲೂ ಅದೇ ಮಾಡಿದ್ದೀನಿ. ಅಲ್ಲಿ ಸರಿ, ಇಲ್ಲಿ ತಪ್ಪು ಅಂದ್ರೆ ಹೇಗೆ ಮಿಸ್? ನೀವೇ ಹೇಳಿದ್ರಲ್ವಾ?"

ಹೌದು, ನಾನೇ ಹೇಳಿದ್ದೆ. ಸುಮಾರು ಆರು ವರ್ಷದಿಂದ ಹೇಳುತ್ತ ಬಂದಿದ್ದೆ. 'ಗೆರೆಯೊಳಗೆ ಮೈನಸ್ ಕಂಡರೆ ಕಿತ್ತುಹಾಕು.' ನನ್ನ ಜೆರಾಕ್ಸ್ ನೋಟ್ಸಿನಲ್ಲಿ ಆ ಸಾಲಿಗೆ ಸುತ್ತ ಚೌಕ ಬೇರೆ ಹಾಕಿದ್ದೆ. |−7| ಎಷ್ಟು ಅಂತ ಕೇಳುವ ಎಂಟನೇ ಕ್ಲಾಸಿನ ಮಗುವಿಗೆ ಆ ಮಾತು ಸಾಕು. ಮಗು ತಟ್ಟನೆ 7 ಅನ್ನುತ್ತದೆ, ಖುಷಿಯಾಗುತ್ತದೆ, ನನಗೂ ಬೇಗ ಕೆಲಸ ಮುಗಿಯುತ್ತದೆ. ಒಳಗೆ ಒಂದೇ ಸಂಖ್ಯೆ ಇರುವವರೆಗೂ ಯಾವ ತೊಂದರೆಯೂ ಇಲ್ಲ. ಒಳಗೆ ಲೆಕ್ಕ ಬಂದ ಕೂಡಲೇ ಆ ಮಾತು ಕೈ ಕೊಡುತ್ತದೆ. ಅದಕ್ಕಿಂತ ಕೆಟ್ಟದ್ದು ಅಂದರೆ ಪ್ರತಿ ಸಲ ಕೈ ಕೊಡುವುದಿಲ್ಲ. ಒಮ್ಮೊಮ್ಮೆ ಸರಿ ಉತ್ತರವನ್ನೇ ಕೊಡುತ್ತದೆ. ಯಾವಾಗಲೂ ತಪ್ಪೇ ಬರುವ ಸೂತ್ರವನ್ನು ಮಕ್ಕಳು ಎರಡು ದಿನದಲ್ಲಿ ಬಿಟ್ಟುಬಿಡುತ್ತಾರೆ. ಅರ್ಧ ಸಲ ಸರಿ ಬರುವುದನ್ನು ಬಿಡಿಸುವುದು ಬಹಳ ಕಷ್ಟ.

ಆ ಹೊತ್ತಿಗೆ "ಒಳಗಿನದನ್ನು ಪೂರ್ತಿ ಮಾಡಿ ಆಮೇಲೆ ಗೆರೆ ತೆಗಿ" ಅಂತ ಹೇಳಿ ಕಳಿಸಿದೆ. ಅವಳು ತಲೆಯಾಡಿಸಿದಳು. ಯಾಕೆ ಅಂತ ಕೇಳಿದ್ದಳು, ನಾನು ಹೇಗೆ ಅಂತ ಹೇಳಿದ್ದೆ. ರಾತ್ರಿ ಅನ್ನಕ್ಕಿಡುವಾಗಲೂ ಅದೇ ತಲೆಯಲ್ಲಿ.

ಅವಳ ಅಮ್ಮನದು ಪುಟ್ಟ ದಿನಸಿ ಅಂಗಡಿ. ಅಲ್ಲಿ ಒಂದು ಸಾಲದ ಪುಸ್ತಕ ಇದೆ, ನನ್ನ ಹೆಸರೂ ಅದರಲ್ಲಿ ಆಗಾಗ ಬರುತ್ತದೆ. ಮಾರನೇ ದಿನ ಕೇಳಿದೆ: "ನಾನು ನಿಮ್ಮಂಗಡೀಲಿ 400 ರೂಪಾಯಿ ಸಾಲ ಮಾಡಿದೀನಿ. ಇನ್ನೊಂದು ಸಲ ಬಂದು 300 ರೂಪಾಯಿ ಸಾಲ ಮಾಡಿದೆ. ಒಟ್ಟು ಎಷ್ಟು ಬರೀತೀಯ?"

"700."

"ಮೈನಸ್ 700 ಅಂತ ಬರೀತೀಯಾ?"

"ಇಲ್ಲ ಮಿಸ್, ಸಾಲದ ಪುಸ್ತಕ ಅಲ್ವಾ, ಬರೀ 700."

"ಈಗ ನನ್ನ ಕೈಯಲ್ಲಿ 500 ಇದೆ, ನಿಮ್ಮಂಗಡೀಲಿ 400 ಸಾಲ ಇದೆ. ತೀರಿಸಿದ ಮೇಲೆ ನನ್ನ ಹತ್ರ ಎಷ್ಟಿರುತ್ತೆ?"

"100." ಸ್ವಲ್ಪ ತಡೆದು ಅವಳೇ ಹೇಳಿದಳು. "ನಾನು 900 ಅಂತ ಬರೆದಿದ್ದೆ."

ಅಷ್ಟೇ. −4 − 3 ಅಂದರೆ ಸಾಲದ ಮೇಲೆ ಸಾಲ. ಎರಡೂ ಒಂದೇ ಕಡೆಯವು, ಹಾಗಾಗಿ ಮೈನಸ್ ಮೊದಲು ತೆಗೆದರೂ ಕೊನೆಗೆ ತೆಗೆದರೂ 7. 5 − 4 ಅಂದರೆ ಕೈಯಲ್ಲಿ ದುಡ್ಡು, ತಲೆ ಮೇಲೆ ಸಾಲ. ಒಂದನ್ನೊಂದು ತಿನ್ನಬೇಕು. ತಿನ್ನುವ ಮೊದಲೇ ಮೈನಸ್ ತೆಗೆದರೆ ಸಾಲವೂ ಆಸ್ತಿಯಾಗಿಬಿಡುತ್ತದೆ! ಪಿಯುಸಿಯವರಿಗೆ ಇನ್ನೊಂದು ಮಾತು ಸೇರಿಸುತ್ತೇನೆ. ಎರಡು ಸಂಖ್ಯೆ ಕೂಡಿಸಿ ಗೆರೆ ಹಾಕಿದರೆ ಬರುವ ಬೆಲೆ, ಬೇರೆ ಬೇರೆ ಗೆರೆ ಹಾಕಿ ಕೂಡಿಸಿದ್ದಕ್ಕಿಂತ ಯಾವತ್ತೂ ಜಾಸ್ತಿಯಾಗುವುದಿಲ್ಲ. ಎರಡಕ್ಕೂ ಒಂದೇ ಚಿಹ್ನೆ ಇದ್ದರೆ, ಅಥವಾ ಒಂದು ಸೊನ್ನೆಯಾದರೆ ಮಾತ್ರ ಸಮ. ಮುಂದೆ ಇದೇ 'ತ್ರಿಭುಜ ಅಸಮಾನತೆ' ಅಂತ ದೊಡ್ಡ ಹೆಸರಿನಲ್ಲಿ ಬರುತ್ತದೆ.

ಸಾಲದ ಉದಾಹರಣೆ ನನ್ನ ಜಾಣತನವೇನಲ್ಲ. ಋಣ ಅನ್ನುವ ಪದದ ಅರ್ಥವೇ ಸಾಲ, ಧನ ಅಂದರೆ ದುಡ್ಡು. ಕ್ರಿ.ಶ. 628ರಲ್ಲಿ ಗಣಿತಜ್ಞ ಬ್ರಹ್ಮಗುಪ್ತ 'ಬ್ರಾಹ್ಮಸ್ಫುಟಸಿದ್ಧಾಂತ'ದಲ್ಲಿ ನಿಯಮ ಬರೆದದ್ದೇ ಹಾಗೆ. ಎರಡು ಋಣ ಕೂಡಿದರೆ ಋಣ, ಧನವೂ ಋಣವೂ ಕೂಡಿದರೆ ಅವೆರಡರ ವ್ಯತ್ಯಾಸ. ಎರಡನೇ ಗೆರೆಯೊಳಗೆ ಹುಡುಗಿ ಮುರಿದದ್ದು ಸರಿಯಾಗಿ ಈ ನಿಯಮವನ್ನೇ. ನೆಟ್ಟಗಿನ ಗೆರೆಗಳು ಬಂದದ್ದು ಎಷ್ಟೋ ಕಾಲದ ಮೇಲೆ. 1841ರಲ್ಲಿ ಜರ್ಮನಿಯ ಗಣಿತಜ್ಞ ವೈಯರ್‌ಸ್ಟ್ರಾಸ್ ಅವನ್ನು ಬಳಸಿದ. ನಾವು 'ಋಣ ಸಂಖ್ಯೆ' ಅಂತ ದಿನಾ ಬಾಯಲ್ಲಿ ಹೇಳುತ್ತೇವೆ, ಸಾಲ ಮಾತ್ರ ನೆನಪಿಗೆ ಬರುವುದಿಲ್ಲ.

ಇನ್ನು ಮೂರನೇ ತುಂಡು, ಆ −16. ಇದಕ್ಕೂ ಗೆರೆಗೂ ಸಂಬಂಧವಿಲ್ಲ. ಋಣ ಸಂಖ್ಯೆ ಹಾಕುವಾಗ ಬ್ರ್ಯಾಕೆಟ್ ಬಿಟ್ಟದ್ದರ ಫಲ. ಕ² ಅಂದರೆ ಕ ಗುಣಿಸು ಕ. ಕ ಜಾಗಕ್ಕೆ −4 ಹೋದರೆ (−4) × (−4) = 16. ಬ್ರ್ಯಾಕೆಟ್ ಇಲ್ಲದೆ −4² ಅಂತ ಬರೆದರೆ ವರ್ಗ ಬರೀ 4ಕ್ಕೆ ಅಂಟಿಕೊಳ್ಳುತ್ತದೆ, ಮೈನಸ್ ಹೊರಗೆ ನಿಲ್ಲುತ್ತದೆ.

ಅವಳ ಅಣ್ಣ ಡಿಗ್ರಿ ಓದುತ್ತಾನೆ. ತಂಗಿಯನ್ನು ಕರೆದುಕೊಂಡು ಹೋಗಲು ಬಂದವನು ಲ್ಯಾಪ್‌ಟಾಪ್ ತೆಗೆದು ಎಕ್ಸೆಲ್‌ನಲ್ಲಿ =-4^2 ಒತ್ತಿದ (^2 ಅಂದರೆ ವರ್ಗ). 16 ಬಂತು. "ನೋಡಿ ಮಿಸ್, ಬ್ರ್ಯಾಕೆಟ್ ಬೇಡವೇ ಬೇಡ." ನನ್ನ ಸೈಂಟಿಫಿಕ್ ಕ್ಯಾಲ್ಕುಲೇಟರ್ ಕೊಟ್ಟು ಅದೇ ಒತ್ತಲು ಹೇಳಿದೆ. −16. ಅಣ್ಣ ತಂಗಿ ಇಬ್ಬರೂ ನನ್ನ ಮುಖ ನೋಡಿದರು. ಎಕ್ಸೆಲ್ ಮಾಡಿಕೊಂಡಿರುವ ನಿಯಮವೇ ಬೇರೆ. ಸಂಖ್ಯೆಯ ಮುಂದಿನ ಮೈನಸ್ಸನ್ನು ಅದು ಮೊದಲು ಅಂಟಿಸಿಕೊಂಡು, ಆಮೇಲೆ ವರ್ಗ ಮಾಡುತ್ತದೆ. ಗಣಿತದ ಪುಸ್ತಕ, ಕ್ಯಾಲ್ಕುಲೇಟರ್, ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಎಲ್ಲ ವರ್ಗವನ್ನು ಮೊದಲು ಮಾಡುತ್ತವೆ. ಆಮೇಲೆ ಅವನ ಕೈಯಲ್ಲೇ ಎ1 ಮನೆಯಲ್ಲಿ −4 ಬರೆಸಿ, ಪಕ್ಕದ ಮನೆಯಲ್ಲಿ ಎ1ರ ವರ್ಗ ಮಾಡಿಸಿದೆ. 16. ಇಲ್ಲಿ ಜಗಳವೇ ಇಲ್ಲ, ಯಾಕೆಂದರೆ −4 ಪೂರ್ತಿಯಾಗಿ ಒಂದು ಮನೆಯೊಳಗೆ ಕೂತಿದೆ. ಆ ಮನೆ ಮಾಡುವ ಕೆಲಸವನ್ನೇ ಕಾಗದದ ಮೇಲೆ ಬ್ರ್ಯಾಕೆಟ್ ಮಾಡುತ್ತದೆ.

ಅವತ್ತಿನಿಂದ ನನ್ನ ಬೋರ್ಡಿನಲ್ಲಿ ಒಂದು ಪದ್ಧತಿ. ಬೆಲೆ ಹಾಕುವ ಮುಂಚೆ ಪ್ರತಿ ಕ ಅಳಿಸಿ, ಆ ಜಾಗದಲ್ಲಿ ಖಾಲಿ ಬ್ರ್ಯಾಕೆಟ್ ಬರೆಯಬೇಕು. 2|( ) − 3| − |5 + ( )| + ( )². ಆಮೇಲೆ ಒಂದೊಂದರಲ್ಲೂ −4 ತುಂಬಬೇಕು. ಮಕ್ಕಳಿಗೆ ಇದು ಬೇಜಾರು, ಗೊತ್ತು. "ಮಿಸ್, ಟೈಮ್ ವೇಸ್ಟ್" ಅಂತಾರೆ. ಆದರೆ |5 − ಕ| ಬಂದಾಗ ನೋಡಿ. ಬ್ರ್ಯಾಕೆಟ್ ಇಲ್ಲದವರು |5 − 4| ಬರೆದು 1 ಅಂತಾರೆ, ಎರಡು ಮೈನಸ್ಸಿನಲ್ಲಿ ಒಂದು ಕಾಣೆ. ಬ್ರ್ಯಾಕೆಟ್ ಇದ್ದರೆ |5 − (−4)| = |9| = 9. ನಮ್ಮ ಹುಡುಗಿ ಬರೆದಿದ್ದ 9 ಈ ಲೆಕ್ಕಕ್ಕಾದರೆ ಸರಿಹೋಗುತ್ತಿತ್ತು.

ಉತ್ತರ ಸರಿಯೇ ಅಂತ ನೋಡಿಕೊಳ್ಳಲು ಪಡಸಾಲೆಯ ಟೈಲ್ಸ್ ಇವೆ. ಒಂದು ಟೈಲ್ ಮೇಲೆ ಸೀಮೆಸುಣ್ಣದಲ್ಲಿ 0 ಬರೆದು, ಬಲಕ್ಕೆ 1, 2, 3, ಎಡಕ್ಕೆ −1, −2, −3. |5 − (−4)| ಅಂದರೆ −4ರ ಟೈಲಿನಿಂದ 5ರ ಟೈಲಿಗೆ ಎಷ್ಟು ಹೆಜ್ಜೆ? ನಡೆದು ಎಣಿಸಬೇಕು, ಒಂಬತ್ತು. ಆ ಕಡೆಯಿಂದ ಈ ಕಡೆಗೆ ಬಂದರೂ ಒಂಬತ್ತೇ. |5 + ಕ| ಅಂದರೆ |ಕ − (−5)|, ಅಂದರೆ −5ರಿಂದ ದೂರ. −4ರ ಟೈಲ್ ಮೇಲೆ ನಿಂತವರಿಗೆ −5 ಪಕ್ಕದ್ದೇ, ಒಂದು ಹೆಜ್ಜೆ. ಎಂಟನೇ ಕ್ಲಾಸಿನವರು ಇದನ್ನು ಕುಂಟೆಬಿಲ್ಲೆ ಮಾಡಿಕೊಂಡಿದ್ದಾರೆ, ಇರಲಿ.

ನನ್ನ ಪಾಲಿಗೆ ಎಲ್ಲಕ್ಕಿಂತ ಗಟ್ಟಿ ಕಡಲೆ ಇನ್ನೊಂದು. ಕ ಸೊನ್ನೆಗಿಂತ ಕಡಿಮೆ ಇದ್ದಾಗ |ಕ| = −ಕ. ಪಿಯುಸಿಯಲ್ಲಿ ಮಾಡ್ಯುಲಸ್ ಫಂಕ್ಷನ್ ಶುರುವಾಗುವುದೇ ಈ ಸಾಲಿನಿಂದ. ನಾನು ಪಿಯುಸಿ ಓದುವಾಗ ಇದನ್ನು ನೋಡಿ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಪೆನ್ನಿನಿಂದ ಮೈನಸ್ ಹೊಡೆದು ಹಾಕಿದ್ದೆ ಕೂಡ. ಗೆರೆಯಿಂದ ಹೊರಗೆ ಬಂದದ್ದು ಮೈನಸ್ ಆಗಬಾರದು ಅಂತೀರಿ, ಇಲ್ಲಿ ಮೈನಸ್ ಕ ಅಂತ ನೀವೇ ಬರೆದಿದ್ದೀರಲ್ಲ? ಕೇಳಲು ಧೈರ್ಯ ಬರಲಿಲ್ಲ, ಪರೀಕ್ಷೆಯಲ್ಲಿ ಆ ಪ್ರಶ್ನೆ ಬಿಟ್ಟೆ.

ಎಡವಟ್ಟು ಇರುವುದು ನಮ್ಮ ಓದಿನಲ್ಲಿ. −ಕ ಕಂಡ ತಕ್ಷಣ 'ಋಣ ಸಂಖ್ಯೆ' ಅಂತ ಓದಿಬಿಡುತ್ತೇವೆ. ಅದು ಕ ಅನ್ನುವುದರ ವಿರುದ್ಧ ಚಿಹ್ನೆಯ ಸಂಖ್ಯೆ, ಅಷ್ಟೇ. ಕ = 4 ಆದರೆ −ಕ ಅಂದರೆ −4. ಕ = −4 ಆದರೆ −ಕ ಅಂದರೆ −(−4), ಅಂದರೆ 4. ಈಗ ನಾನು ಈ ಸಾಲನ್ನು ಬೋರ್ಡಿನಲ್ಲಿ ಮೊದಲು ಬರೆಯುವುದೇ ಇಲ್ಲ. ಮೂರು ಮನೆಯ ಕೋಷ್ಟಕ ಹಾಕಿಸುತ್ತೇನೆ: ಕ, −ಕ, |ಕ|. ಮೇಲಿನಿಂದ ಕೆಳಗೆ 3, 1, 0, −2, −6 ತುಂಬಿಸುತ್ತೇನೆ. 3 ಮತ್ತು 1ರ ಸಾಲಿನಲ್ಲಿ ಮೊದಲ ಮನೆಯೂ ಮೂರನೇ ಮನೆಯೂ ಒಂದೇ. −2, −6ರ ಸಾಲಿನಲ್ಲಿ ಎರಡನೇ ಮನೆಯೂ ಮೂರನೇ ಮನೆಯೂ ಒಂದೇ. ಸೊನ್ನೆಯ ಸಾಲಿನಲ್ಲಿ ಮೂರೂ ಒಂದೇ. ಆಮೇಲೆ "ಮೂರನೇ ಮನೆಯನ್ನು ಗೆರೆ ಇಲ್ಲದೆ ಬರೀರಿ" ಅಂತೀನಿ. ಹೋದ ವಾರ ಒಬ್ಬ ಹುಡುಗ ನಾನು ಹೇಳುವ ಮೊದಲೇ "ಮೈನಸ್ ಇದ್ದರೆ ಮೈನಸ್ ಕ" ಅಂದ. ಅವನ ಭಾಷೆಯಲ್ಲಿ ಅದು ಸರಿಯೇ ಇದೆ, ನಾನು ತಿದ್ದಲಿಲ್ಲ.

ಹುಡುಗಿಗೆ ಈಗ ಆ ಮೊದಲ ಲೆಕ್ಕ ಅರ್ಧ ನಿಮಿಷದ ಕೆಲಸ. 2|−7| − |1| + 16, ಅಂದರೆ 14 − 1 + 16. ಮೊನ್ನೆ −|−6| ಕೊಟ್ಟು ಕೆಣಕಿದೆ. "ಒಳಗಿನದು 6 ಆಯ್ತು, ಹೊರಗಿನದನ್ನು ಮುಟ್ಟೋಕೆ ಗೆರೆಗೆ ಅಧಿಕಾರ ಇಲ್ಲ ಮಿಸ್, −6," ಅಂದಳು.

ಹೊಸ ನೋಟ್ಸ್ ಬರೆದು ಮುಗಿಸಿದ್ದೇನೆ. ಚೌಕ ಹಾಕಿದ ಆ ಸಾಲು ಅದರಲ್ಲಿಲ್ಲ. ಆದರೆ ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಹಳೇ ಪ್ರತಿ ಇನ್ನೂ ಇದೆ. ಬೇರೆ ಟ್ಯೂಷನ್ನಿನ ಮಕ್ಕಳೂ ಅದನ್ನೇ ಒಯ್ಯುತ್ತಾರಂತೆ, ಚೆನ್ನಾಗಿ ಖರ್ಚಾಗುತ್ತದಂತೆ. ಭಾನುವಾರ ಹೋಗಿ ವಾಪಸ್ ತರಬೇಕು.