ಮಂಗಳೂರಿನ ಮಳೆಗಾಲದಲ್ಲೂ ನೆಟ್ಟಗೆ ನಿಂತ ಫಾಯಿಲ್ ಕಾರ್ಡುಗಳು

"ಮಾರಾಯ್ರೇ, ಸಮುದ್ರದ ಬದಿ ಫಾಯಿಲ್ ಎಲ್ಲಾದರೂ ನೆಟ್ಟಗೆ ನಿಲ್ತದಾ? ಬೆಂಗಳೂರಿನವರಿಗೆ ಕೊಟ್ಟುಬಿಡಿ" ಅಂತ ನಮ್ಮ ಕಾರ್ಡು ಸಂಗ್ರಹಿಸುವ ಗುಂಪಿನವರೆಲ್ಲ ಹೇಳಿದ್ದರು. ಫಾಯಿಲ್ ಅಂದರೆ ಚಿತ್ರದ ಬದಿಗೆ ತೆಳು ಲೋಹದ ಪದರ ಇರುವ ಹೊಳೆಯುವ ಆಟದ ಕಾರ್ಡು. ಈ ಮಳೆಗಾಲ ನನ್ನ ನೂರಕ್ಕೂ ಹೆಚ್ಚು ಪೋಕೆಮಾನ್ ಹೋಲೋಗಳು (ಪೋಕೆಮಾನ್ ಆಟದ ಫಾಯಿಲ್ ಕಾರ್ಡುಗಳು) ಗಾಜಿನ ಮೇಲಿಟ್ಟರೆ ನಾಲ್ಕು ಮೂಲೆಯೂ ಕೂರುತ್ತವೆ.

ರಟ್ಟು ತೇವ ಹೀರಿ ಹಿಗ್ಗುತ್ತದೆ, ಫಾಯಿಲ್ ಹಿಗ್ಗುವುದಿಲ್ಲ, ಅಂಚು ಚಿತ್ರದ ಕಡೆಗೆ ಏಳುತ್ತದೆ. ಇದು ನಿಮಗೆ ಗೊತ್ತಿರುವುದೇ. 1999ರ ಬೇಸ್ ಸೆಟ್ ಅನ್ನುವ ಕಾರ್ಡು ಸರಣಿಯ ನನ್ನ ಗ್ಯಾರಾಡೋಸ್ ಕಾರ್ಡು (102ರಲ್ಲಿ 6ನೆಯದು) ಸುಟ್ಟ ಹಪ್ಪಳದ ಹಾಗೆ ಬಾಗಿತ್ತು. ದಪ್ಪ ಪುಸ್ತಕಗಳಡಿ ವಾರಗಟ್ಟಲೆ ಇಟ್ಟರೂ ಹೊರತೆಗೆದ ಸಂಜೆಗೇ ಮತ್ತೆ ಬಾಗು. ಅಕ್ಕಿ ಡಬ್ಬದಲ್ಲಿಟ್ಟರೆ ಸ್ಲೀವಿನೊಳಗೆಲ್ಲ (ಕಾರ್ಡು ಹಾಕುವ ತೆಳು ಪ್ಲಾಸ್ಟಿಕ್ ಲಕೋಟೆ) ಹುಡಿ. ತೇವ ಹೀರುವ ಸಿಲಿಕಾ ಜೆಲ್ ಹರಳು ಮಾತ್ರ ಹಾಕಿದಾಗ ತೇವಾಂಶ 20 ಪರ್ಸೆಂಟಿನ ಆಸುಪಾಸಿಗೆ ಇಳಿದು ಕಾರ್ಡುಗಳು ಹಿಮ್ಮುಖ ಬಾಗಿದವು.

ಕೆಲಸ ಕೊಟ್ಟದ್ದು ಎರಡು ಹಂತದ ಕ್ರಮ. ಗಾಳಿಯಾಡದ ಡಬ್ಬ, ಒಳಗೊಂದು ಹೈಗ್ರೋಮೀಟರ್, ಅಂದರೆ ಗಾಳಿಯ ತೇವಾಂಶ ಅಳೆಯುವ ಮೀಟರ್. ಮೊದಲು ಸಿಲಿಕಾ ಹಾಕಿ ತೇವಾಂಶ 40 ಪರ್ಸೆಂಟಿಗೆ ಇಳಿಸಬೇಕು. ಮುಳ್ಳು ಅಲ್ಲಿಗೆ ಬಂದ ಕೂಡಲೇ ಸಿಲಿಕಾ ತೆಗೆದು, ತೇವ ಹೀರುತ್ತಾ ಬಿಡುತ್ತಾ ಡಬ್ಬದ ತೇವಾಂಶವನ್ನು 49 ಪರ್ಸೆಂಟಿನಲ್ಲಿ ನಿಲ್ಲಿಸುವ ಪ್ಯಾಕ್ ಇಡಬೇಕು. ಸ್ಲೀವ್ ಇರಲಿ, ಟಾಪ್‌ಲೋಡರ್ (ಗಟ್ಟಿ ಪ್ಲಾಸ್ಟಿಕ್ ಕವರು) ಬೇಡ. ಭಾರ ಹೇರುವುದು ಎರಡನೇ ಹಂತದಲ್ಲಿ ಮಾತ್ರ. ಕಾರ್ಡುಗಳ ನಡುವೆ ನಾನು ಏನಿಡುತ್ತೇನೆ ಅನ್ನುವುದು ಸದ್ಯಕ್ಕೆ ನನ್ನಲ್ಲೇ ಇರಲಿ, ಅದಕ್ಕೆ ಎರಡು ಮಳೆಗಾಲ ಹೋಗಿದೆ.

ಖರ್ಚು? ಡಬ್ಬಕ್ಕೆ ಮುನ್ನೂರೈವತ್ತು, ಮೀಟರಿಗೆ ನಾನೂರರ ಹತ್ತಿರ, ಪ್ಯಾಕುಗಳಿಗೆ ಏಳೆಂಟುನೂರು. ಸಿಲಿಕಾ ಸೇರಿ ಎರಡು ಸಾವಿರ ದಾಟಿಲ್ಲ. ಕೇಸರಿ ಹರಳು ಹಸಿರಾದರೆ, ಅಡುಗೆಗೆ ಬಳಸದ ಹಳೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿದರೆ ಮತ್ತೆ ಕೇಸರಿ. ಆ ಗ್ಯಾರಾಡೋಸನ್ನು ಅರ್ಧ ಬೆಲೆಗೆ ಕೇಳಿದ್ದವರೇ ಈಗ ಪೂರ್ತಿ ಬೆಲೆ ಹೇಳುತ್ತಿದ್ದಾರೆ. ಕೊಡುವುದಿಲ್ಲ.

ಮ್ಯಾಜಿಕ್: ದ ಗ್ಯಾದರಿಂಗ್ ಅನ್ನುವ ಇನ್ನೊಂದು ಆಟದ ಕಾರ್ಡುಗಳನ್ನೂ ಹಾಕಿ ನೋಡಿದೆ. ಅಲ್ಲಿ ಮಾಮೂಲಿ ಪ್ಯಾಕೆಟ್ಟಿಗೆ ಫಾಯಿಲ್ ಬಂದದ್ದೇ 1999ರ ಅರ್ಜಾಸ್ ಲೆಗಸಿ ಸೆಟ್ಟಿನಿಂದ. ಆ ಸೆಟ್ಟಿನ ನನ್ನ ಒಂದೆರಡು ಕಾರ್ಡು ಎರಡು ಮೂರು ದಿನಕ್ಕೇ ಸರಿಯಾದವು, ಇತ್ತೀಚಿನ ಸೆಟ್ಟಿನವು ವಾರ ದಾಟಿದವು. ಫಾಯಿಲ್ ಇಲ್ಲದ ಕಾರ್ಡಿಗೆ ಇಷ್ಟೆಲ್ಲ ಬೇಕಿಲ್ಲ.

ಮಡಿಕೆಯ ಗೆರೆ ಬಿದ್ದ ಕಾರ್ಡು ಇದರಿಂದ ಸರಿಯಾಗದು, ಅದನ್ನು ತರಬೇಡಿ. ಜುಲೈಯಲ್ಲಿ ಡಬ್ಬ ತೆರೆಯುವುದಿದ್ದರೆ ಎಸಿ ಹಾಕಿ ಅರ್ಧ ಗಂಟೆ ಬಿಟ್ಟು ತೆರೆಯಿರಿ.