ಎಸ್‌ಎಂಪಿಎಸ್ ಕೊಳ್ಳುವಾಗ ಹಳದಿ ವೈರಿನ ಲೆಕ್ಕ ನೋಡಿ

ಅಕ್ಕನ ಮಗ ಗೇಮ್ ಆಡಲು ಕೂತರೆ ಸಾಕು, ಹತ್ತು ನಿಮಿಷಕ್ಕೆ ಕಂಪ್ಯೂಟರ್ ಆಫ್ ಆಗಿಬಿಡುತ್ತಿತ್ತು. ರ‍್ಯಾಮ್ ಬದಲಿಸಿದರು. ವಿಂಡೋಸ್ ಮತ್ತೆ ಹಾಕಿಸಿದರು. ನಾನು ಹೋಗಿ ಕ್ಯಾಬಿನೆಟ್ ಬಾಗಿಲು ತೆಗೆದು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದಂತೆ ಬದಲಿಸಿ ಕೊಡುವ ಡಬ್ಬ, ಅದರ ಮೇಲಿನ ಸ್ಟಿಕರ್ ನೋಡಿದೆ. ದಪ್ಪ ಅಕ್ಷರದಲ್ಲಿ 450, ನೋಡಿದವರು ವ್ಯಾಟ್ ಅಂದುಕೊಳ್ಳುವ ಹಾಗೆ. ಕೆಳಗೆ ಸಣ್ಣದಾಗಿ +12ವಿ, 16ಎ, ಅಂದರೆ 12 ವೋಲ್ಟಿನಲ್ಲಿ 16 ಆಂಪಿಯರ್. ತೊಂದರೆ ಅಲ್ಲೇ ಇತ್ತು.

ಗ್ರಾಫಿಕ್ಸ್ ಕಾರ್ಡಿಗಾಗಿ ಹದಿನೈದು ದಿನ ವಿಡಿಯೋ ನೋಡುವವರೂ ಎಸ್‌ಎಂಪಿಎಸ್ ವಿಷಯ ಬಂದಾಗ ಕ್ಯಾಬಿನೆಟ್ ಜೊತೆ ಬಂದದ್ದೇ ಸಾಕು ಅಂತಾರೆ. ಸಾಕಾಗಲ್ಲ.

1. ಸ್ಟಿಕರ್ ಓದಿ. ಎಲ್ಲರೂ ಎಡವುವುದು ಇಲ್ಲೇ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು 12 ವೋಲ್ಟ್ ಲೈನಿನಿಂದ, ಅಂದರೆ ಹಳದಿ ವೈರಿನಿಂದ. 12ನ್ನು 16ರಿಂದ ಗುಣಿಸಿ: 192 ವ್ಯಾಟ್. ಆ ಡಬ್ಬದ ನಿಜವಾದ ಶಕ್ತಿ ಅಷ್ಟೇ. ಒಂದು 8 ಪಿನ್ನಿನ ಗ್ರಾಫಿಕ್ಸ್ ಕಾರ್ಡ್ ಕೇಬಲಿನಿಂದ 150, ಮದರ್‌ಬೋರ್ಡಿನ ಸ್ಲಾಟಿನಿಂದ 75 ವ್ಯಾಟ್‌ವರೆಗೆ ಎಳೆಯಬಹುದು. ಇನ್ನು ಪ್ರೊಸೆಸರಿಗೆ ಏನು ಉಳಿಯಿತು? ಒಳ್ಳೆಯ 450 ವ್ಯಾಟಿನದರಲ್ಲಿ ಈ ಲೈನಿಗೆ ಸಾಮಾನ್ಯವಾಗಿ 36 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 432 ವ್ಯಾಟ್. 12ವಿ1, 12ವಿ2 ಅಂತ ಎರಡು ಸಾಲು ಇದ್ದರೆ ಸುಮ್ನೆ ಕೂಡಿಸಬೇಡಿ. ಎರಡೂ ಸೇರಿ ಗರಿಷ್ಠ ಎಷ್ಟು ವ್ಯಾಟ್ ಅಂತ ಬೇರೆಯಾಗಿ ಬರೆದಿರಬೇಕು. ಬರೆದಿಲ್ಲದಿದ್ದರೆ ತಗೋಬೇಡಿ.

2. 80 ಪ್ಲಸ್ ಗುರುತು ನೋಡಿ. ಗೋಡೆಯ ಪ್ಲಗ್ಗಿನಿಂದ ಎಳೆದ ಕರೆಂಟಿನಲ್ಲಿ ಎಷ್ಟು ಬಿಸಿಯಾಗಿ ಹಾಳಾಗುತ್ತದೆ ಅನ್ನುವುದನ್ನಷ್ಟೇ ಇದು ಹೇಳುತ್ತದೆ. ಶಾರ್ಟ್ ಆದಾಗ ತಾನಾಗಿ ನಿಲ್ಲುತ್ತದೆಯೇ ಅನ್ನುವುದನ್ನಲ್ಲ. ಆದರೂ ಅದರ ದರ್ಜೆಗಳಲ್ಲಿ ಬ್ರಾಂಜ್‌ಗಿಂತ ಕಡಿಮೆಯದು ಬೇಡವೇ ಬೇಡ. ಮಾಡೆಲ್ ಹೆಸರು 80 ಪ್ಲಸ್ ಪಟ್ಟಿಯಲ್ಲಿ ಇದೆಯಾ ಅಂತ ಮೊಬೈಲಿನಲ್ಲೇ ನೋಡಿ. ಗುರುತನ್ನು ಯಾರು ಬೇಕಾದರೂ ಅಚ್ಚು ಹಾಕಿಕೊಳ್ಳಬಹುದು.

3. ವೈರ್ ನೋಡಿ. ವೈರಿನ ಮೇಲೆ 18 ಗೇಜ್ ಅಂತ ಇರಲಿ. 20, 22 ಅಂದರೆ ಇನ್ನೂ ತೆಳು.

ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಎಸ್.ಪಿ. ರೋಡಿನಂಥ ಕಡೆ, ಹಾರ್ಡ್ ಡಿಸ್ಕಿಗೆ ಹೋಗುವ ಸಾಟಾ ಪಿನ್ನಿನಿಂದ ಗ್ರಾಫಿಕ್ಸ್ ಕಾರ್ಡಿನ 8 ಪಿನ್ ಮಾಡುವ ಕನ್ವರ್ಟರ್ ಕೊಡಲು ಬಂದರೆ ಬೇಡ ಅನ್ನಿ. ಸಾಟಾ ಪಿನ್ನು 12 ವೋಲ್ಟಿನಲ್ಲಿ ತಾಳುವುದು 54 ವ್ಯಾಟ್. ಅದರಿಂದ 150 ಎಳೆದರೆ ಪ್ಲಾಸ್ಟಿಕ್ ಕರಗಬಹುದು.

4. ಮನೆಯಲ್ಲಿ ಅಳೆಯಿರಿ. ಹಸಿರು ವೈರನ್ನು ಕಪ್ಪು ವೈರಿಗೆ ಸೇರಿಸಿ ಫ್ಯಾನ್ ತಿರುಗಿಸಿ, ‘ಸರಿ ಇದೆ’ ಅಂತಾರಲ್ವಾ, ಅದು ಪರೀಕ್ಷೆಯೇ ಅಲ್ಲ. ಭಾರ ಹೊರಿಸದೆ ಎತ್ತಿನ ಕಸುವು ಗೊತ್ತಾಗುತ್ತದೆಯೇ? ಗೇಮ್ ಓಡುತ್ತಿರುವಾಗಲೇ ಖಾಲಿ ಇರುವ ನಾಲ್ಕು ಪಿನ್ನಿನ ಮೊಲೆಕ್ಸ್ ಕನೆಕ್ಟರಿನಲ್ಲಿ ಅಳೆಯಿರಿ. ಮಲ್ಟಿಮೀಟರಿನ ಕೆಂಪು ಕಡ್ಡಿ ಹಳದಿ ವೈರಿಗೆ, ಕಪ್ಪು ಕಡ್ಡಿ ಕಪ್ಪು ವೈರಿಗೆ. ಕಡ್ಡಿಗಳು ಒಂದಕ್ಕೊಂದು ತಾಗದಿರಲಿ. 11.4ರಿಂದ 12.6 ವೋಲ್ಟ್ ಒಳಗಿರಬೇಕು. ನಾನು 11.7ಕ್ಕೆ ಇಳಿದರೇ ಬದಲಿಸಿಬಿಡುತ್ತೇನೆ.

ಡಬ್ಬವನ್ನು ಮಾತ್ರ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ನಿಂತಿರಬಹುದು.

ಹುಡುಗನಿಗೆ 37 ಆಂಪಿಯರಿನದು ತಂದು ಹಾಕಿದೆವು, ಆಮೇಲೆ ಒಮ್ಮೆಯೂ ಆಫ್ ಆಗಿಲ್ಲ. ‘ಮಾಮ, ಹಳೇದನ್ನ ಪಕ್ಕದ ಮನೆಯವರ ಕಂಪ್ಯೂಟರಿಗೆ ಕೊಡೋಣ್ವಾ’ ಅಂದ. ಬೇಡ ಅಂದೆ. ಅದರ ವೈರುಗಳನ್ನು ಅಲ್ಲೇ ಕತ್ತರಿಸಿ ಇ-ತ್ಯಾಜ್ಯಕ್ಕೆ ಹಾಕಿಸಿದೆ.